ಮನೆಯಲ್ಲೇ ಟ್ರಾಕ್ಷನ್ ಕಟ್ಟಿಕೊಂಡರೆ ಸೊಂಟ ನೋವು ಹೋಗುತ್ತಾ? ಕಿಟ್ ಬಂದು ಕೂತಿದೆ

ತೋಟದಮನೆ, ಸಿರ್ಸಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಕೂತು ಬರೆಯಲು ಆಗುವುದಿಲ್ಲ, ಮಲಗಿಕೊಂಡೇ ಒತ್ತುತ್ತಾ ಇದ್ದೇನೆ.

ನನಗೆ 46 ವರ್ಷ, ತೂಕ 68 ಕೆಜಿ. ತೋಟದ ಕೆಲಸ. ಈ ಸಲ ಕೊನೆ ಕೊಯ್ಲಿನ ಹೊತ್ತಿಗೆ ಹಸಿ ಅಡಿಕೆ ತುಂಬಿದ ಬುಟ್ಟಿ ಎತ್ತಿ ಧರೆ ಹತ್ತುವಾಗ ಸೊಂಟದಲ್ಲಿ ಟಪ್ ಅಂದಿತು. ಮೂರು ದಿನ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೆ. ನಾಲ್ಕನೇ ದಿನ ನೋವು ಎಡಗಡೆ ಕುಂಡೆಯಿಂದ ಹಿಮ್ಮಡಿಯವರೆಗೆ ಇಳಿಯಿತು. ಕೆಮ್ಮಿದರೆ ಕಾಲಿಗೆ ಕರೆಂಟ್ ಹೊಡೆದ ಹಾಗೆ. ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ ಐದನೇ ಮೂಳೆ, ಅವುಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರಕ್ಕೆ ತಾಗಿದೆ ಅಂತ ಬಂತು. ಆಪರೇಷನ್ ಈಗಲೇ ಬೇಡ, ಮಾತ್ರೆ, ವ್ಯಾಯಾಮ ಮಾಡಿ, ಆರು ವಾರ ನೋಡೋಣ ಅಂದರು.

ಬೆಂಗಳೂರಿನ ಭಾವ ಸುಮ್ಮನಿರಬೇಕಲ್ಲ! ಆನ್‌ಲೈನಿನಲ್ಲಿ ಟ್ರಾಕ್ಷನ್ ಕಿಟ್, ಅಂದರೆ ಸೊಂಟಕ್ಕೆ ತೂಕ ಕಟ್ಟಿ ಬೆನ್ನನ್ನು ಎಳೆಯುವ ಸಾಮಾನು, ತರಿಸಿ ಕಳಿಸಿದ್ದಾನೆ. ಸೊಂಟಕ್ಕೆ ಕಟ್ಟುವ ಅಗಲ ಪಟ್ಟಿ, ಎರಡು ಹಗ್ಗ, ಮಂಚದ ಕಾಲ ಬುಡಕ್ಕೆ ಸಿಕ್ಕಿಸುವ ಕಬ್ಬಿಣದ ಚೌಕಟ್ಟು, ಒಂದು ರಾಟೆ, ನೀರು ತುಂಬುವ ಚೀಲ. ಚೀಲ ಪೂರ್ತಿ ತುಂಬಿದರೆ 7 ಕೆಜಿ. ಗಾಳಿ ತುಂಬುವ ಬೆಲ್ಟ್ ಒಂದು ಬಿಟ್ಟಿ. ಪೆಟ್ಟಿಗೆ ಮೇಲಿನ ಹುಡುಗಿ ಪಟ್ಟಿ ಕಟ್ಟಿಕೊಂಡು ನಗುತ್ತಿದ್ದಾಳೆ. ಅವಳಿಗೆ ಸೊಂಟ ನೋವು ಬಂದ ಹಾಗೆ ಕಾಣುವುದಿಲ್ಲ.

ಯಾರಾದರೂ ಇದನ್ನು ಕಟ್ಟಿಕೊಂಡು ಗುಣ ಆಗಿದ್ದೀರಾ?

ತದಡಿ ಬಂದರು
ತಮ್ಮಾ, ನನಗೆ ಕಟ್ಟಿದ್ದರು. ಮನೆಯಲ್ಲಲ್ಲ, ಆಸ್ಪತ್ರೆ ವಾರ್ಡಿನಲ್ಲಿ. ಐಸ್ ತುಂಬಿದ ಪೆಟ್ಟಿಗೆ ಬೋಟಿನಿಂದ ಇಳಿಸುವಾಗ ಹಿಡಿದುಕೊಂಡಿತ್ತು. ಹತ್ತು ದಿನ ಮಂಚದಲ್ಲೇ. ಹನ್ನೊಂದನೇ ದಿನ ಎದ್ದು ನಿಂತರೆ ಕಾಲು ಗಡಗಡ, ಗೋಡೆ ಹಿಡಿದು ಸಂಡಾಸಿಗೆ ಹೋದೆ. ನೋವು ಕಡಿಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ತೂಕದಿಂದ ಹೋಯಿತೋ ಹತ್ತು ದಿನ ಬೋಟಿಗೆ ಹೋಗದೆ ಇದ್ದದ್ದಕ್ಕೆ ಹೋಯಿತೋ, ದೇವರಿಗೇ ಗೊತ್ತು.

ಕೋಡಿಬಾಗದವ, ಕಾರವಾರ
ನಿಮ್ಮ ಭಾವ ಪರವಾಗಿಲ್ಲ. ನಾನು ತಲೆಕೆಳಗಾಗಿ ನೇತಾಡುವ ಟೇಬಲ್ಲನ್ನೇ ತರಿಸಿದವ. ಪಾದಕ್ಕೆ ಕ್ಲಿಪ್ ಹಾಕಿ ಹಿಂದಕ್ಕೆ ವಾಲಿದರೆ ಬಾವಲಿ ಹಾಗೆ. ಮೊದಲ ವಾರ ಸ್ವರ್ಗ. ಬೆನ್ನು ಲಟಕ್ ಅಂತ ಬಿಟ್ಟುಕೊಳ್ಳುತ್ತಿತ್ತು. ಇಳಿದು ಅರ್ಧ ಗಂಟೆಗೆ ನೋವು ವಾಪಸ್. ಮೂರನೇ ವಾರ ತಲೆ ಧಿಂ ಅನ್ನಲು ಶುರುವಾಯಿತು, ಬಿಪಿ ನೋಡಿದರೆ 160 ದಾಟಿತ್ತು. ನನಗೆ ಬಿಪಿ ಇದೆ ಅಂತ ಗೊತ್ತಾದದ್ದೇ ಆಗ. ಈಗ ಅದು ಬಾಲ್ಕನಿಯಲ್ಲಿದೆ. ಹೆಂಡತಿ ಅದರ ಮೇಲೆ ಚಾದರ ಒಣಗಿಸುತ್ತಾಳೆ. ಕಡಲ ಗಾಳಿಗೆ ನಟ್ಟು ಬೋಲ್ಟು ಎಲ್ಲ ತುಕ್ಕು.

ಕುಮಟಾ ಫಿಸಿಯೋ
ತೋಟದಮನೆಯವರೇ, ಕಿಟ್ ಕಟ್ಟುವ ಮೊದಲು ಒಂದು ಲೆಕ್ಕ ನೋಡಿ. ನಾನು ದಿನಾ ಟ್ರಾಕ್ಷನ್ ಯಂತ್ರದ ಪಕ್ಕ ನಿಲ್ಲುವವಳು. ಅದರ ಮೇಲೆ ದ್ವೇಷವೇನೂ ಇಲ್ಲ.

ಮಲಗಿದಾಗ ಸೊಂಟದಿಂದ ಕೆಳಗಿನ ಭಾಗವೇ ಹೆಚ್ಚುಕಡಿಮೆ ಮೈ ತೂಕದ ಅರ್ಧ. ಅದು ಹಾಸಿಗೆಯನ್ನು ಒತ್ತಿ ಹಿಡಿದುಕೊಂಡಿರುತ್ತದೆ. ಅದನ್ನು ಜಾರಿಸುವುದಕ್ಕೇ ಮೈ ತೂಕದ ಸುಮಾರು ಕಾಲು ಭಾಗದಷ್ಟು ಎಳೆತ ಬೇಕು. ನಿಮಗೆ 68 ಕೆಜಿ, ಕಾಲು ಭಾಗ ಅಂದರೆ 17 ಕೆಜಿ. ಅಲ್ಲಿಯವರೆಗೆ ಎಳೆದದ್ದೆಲ್ಲ ಹಾಸಿಗೆ ಜೊತೆ ಜಗ್ಗಾಡುವುದಕ್ಕೇ ಖರ್ಚು. ಅದನ್ನು ದಾಟಿದ ಮೇಲಷ್ಟೇ ಬೆನ್ನುಮೂಳೆಗೆ ಏನಾದರೂ ಮುಟ್ಟುವುದು. ಕ್ಲಿನಿಕ್ಕಿನಲ್ಲಿ ಸಾಧಾರಣವಾಗಿ ಮೈ ತೂಕದ ಮೂರನೇ ಒಂದರಿಂದ ಅರ್ಧದವರೆಗೆ ಹಾಕುತ್ತೇವೆ. ನಿಮ್ಮ ಲೆಕ್ಕಕ್ಕೆ 23ರಿಂದ 34 ಕೆಜಿ. ಅಲ್ಲಿನ ಮಂಚವೂ ಬೇರೆ. ನಡುವಿನಲ್ಲಿ ಎರಡು ತುಂಡು, ಕೆಳಗಿನ ತುಂಡು ಸರಿದಾಡುತ್ತದೆ. ಎದೆಗೆ ಇನ್ನೊಂದು ಪಟ್ಟಿ ಕಟ್ಟಿ ಮೇಲಿನ ಮೈಯನ್ನು ಹಿಡಿದಿರುತ್ತೇವೆ. 30 ಸೆಕೆಂಡ್ ಎಳೆದು 10 ಸೆಕೆಂಡ್ ಬಿಡುವುದು, ಹೀಗೆ 15-20 ನಿಮಿಷ.

ಹಾಗಾದರೆ ನಿಮ್ಮ 7 ಕೆಜಿ ಚೀಲ ಏನು ಮಾಡುತ್ತದೆ? ನಿಮ್ಮನ್ನು ಮಂಚಕ್ಕೆ ಕಟ್ಟಿಹಾಕುತ್ತದೆ, ಅಷ್ಟೇ. ಹಳೇ ಡಾಕ್ಟರುಗಳಿಗೂ ಅದೇ ಬೇಕಿತ್ತು ಅಂತ ನಮ್ಮ ಮೇಷ್ಟರು ನಗಾಡುತ್ತಿದ್ದರು. ರೋಗಿ ಎದ್ದು ಕೊಟ್ಟಿಗೆಗೆ ಹೋಗಬಾರದು, ಅದಕ್ಕೊಂದು ಚೀಲ.

ಇನ್ನು ನಮ್ಮ ಯಂತ್ರದ ಕಥೆ. ಎಳೆಯುವಾಗ ಮೂಳೆಗಳ ನಡುವಿನ ಜಾಗ ಮಿಲಿಮೀಟರ್ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಹಿತವೂ ಅನ್ನಿಸುತ್ತದೆ. ಎದ್ದು ನಿಂತು ಓಡಾಡಿದರೆ ಮೈ ಭಾರಕ್ಕೆ ಮತ್ತೆ ಮೊದಲಿನಂತೆ. ಹಾಗಾಗಿ ನಾನು ಅದನ್ನು ಕೆಲವರಿಗೆ ನೋವು ಸ್ವಲ್ಪ ಇಳಿಸಿ ವ್ಯಾಯಾಮ ಶುರು ಮಾಡಿಸುವುದಕ್ಕೆ ಮಾತ್ರ ಬಳಸುತ್ತೇನೆ. ಡಿಸ್ಕನ್ನು ಒಳಗೆ ಎಳೆದುಕೊಳ್ಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೂಳೆ ಸವೆದವರು, ಬಸುರಿಯರು, ಹರ್ನಿಯಾ ಇದ್ದವರು, ಬೆನ್ನುಮೂಳೆ ಮುರಿದವರು, ಕ್ಯಾನ್ಸರ್ ಇದ್ದವರು ಇದರ ಹತ್ತಿರವೇ ಹೋಗಬಾರದು. ತಲೆಕೆಳಗಿನ ಟೇಬಲ್ ಆದರೆ ಬಿಪಿ, ಹೃದಯದ ತೊಂದರೆ, ಕಣ್ಣಿನ ಗ್ಲಾಕೋಮಾ ಇದ್ದವರಿಗೂ ಬೇಡ. ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ.

ಯಲ್ಲಾಪುರ ಎಕ್ಸ್‌ಪ್ರೆಸ್
ಮೇಡಂ, ನನಗೆ ಕ್ಲಿನಿಕ್ ಟ್ರಾಕ್ಷನ್‌ನಿಂದಲೇ ಗುಣ ಆಗಿದ್ದು. ದಿನಾ ಘಟ್ಟದ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿಯುವವನ ಸೊಂಟ ಹೇಗಿರುತ್ತದೆ ನಿಮಗೇ ಗೊತ್ತು. ಹನ್ನೆರಡು ದಿನ ಹೋದೆ, ಹೋಯಿತು. ಈಗ ಅದು ಸುಳ್ಳು ಅಂದರೆ ಹೇಗೆ?

ಲೆಕ್ಕದ ಮಾಸ್ತರ, ಹೊನ್ನಾವರ
ಯಲ್ಲಾಪುರದವರೇ, ನಿಮಗೆ ಗುಣ ಆದದ್ದು ಸುಳ್ಳಲ್ಲ. ಯಾವುದರಿಂದ ಆಯಿತು ಅನ್ನುವುದಷ್ಟೇ ಪ್ರಶ್ನೆ. ಟ್ರಾಕ್ಷನ್ ಕಟ್ಟಿದವರು, ಕಟ್ಟದವರು, ಕಟ್ಟಿದ ಹಾಗೆ ನಾಟಕ ಮಾಡಿಸಿಕೊಂಡವರು, ಎಲ್ಲರನ್ನೂ ಹೋಲಿಸಿ ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ಅಂಥ 32 ಪ್ರಯೋಗಗಳನ್ನು, ಒಟ್ಟು 2762 ಜನರ ಲೆಕ್ಕವನ್ನು, ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ತಂಡ 2013ರಲ್ಲಿ ಒಟ್ಟು ಹಾಕಿ ನೋಡಿತು. ನೋವು, ಓಡಾಟ, ಕೆಲಸಕ್ಕೆ ವಾಪಸ್ ಹೋಗುವುದು, ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕಾಲಿಗೆ ನೋವು ಇಳಿದವರಲ್ಲೂ ಅಷ್ಟೇ. ಆ ಪ್ರಯೋಗಗಳಲ್ಲಿ ಸುಮಾರು ಕಚ್ಚಾ ಇದ್ದವು ಅಂತಲೂ ಅವರೇ ಬರೆದಿದ್ದಾರೆ. ಯಾವ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಖಡಕ್ಕಾಗಿ, ಸೊಂಟ ನೋವಿಗೆ ಟ್ರಾಕ್ಷನ್ ಕೊಡಬೇಡಿ, ಬೆಲ್ಟೂ ಕೊಡಬೇಡಿ ಅಂದಿತು.

ನಮ್ಮ ಕಾರವಾರದವರ ಟೇಬಲ್ ಪರವಾಗಿಯೂ ಒಂದು ಮಾತು ಹೇಳಬೇಕು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಆಪರೇಷನ್‌ಗೆ ಕಾಯುತ್ತಿದ್ದವರನ್ನು ತಲೆಕೆಳಗೆ ಮಾಡಿಸಿ ನೋಡಿದ್ದರು. 2012ರಲ್ಲಿ ಬಂದ ಆ ವರದಿಯಲ್ಲಿ, ಹಾಗೆ ಮಾಡಿಸಿದವರಲ್ಲಿ 77% ಜನ ಆಪರೇಷನ್ ತಪ್ಪಿಸಿಕೊಂಡರು. ಮಾರುವವರೆಲ್ಲ ಹಿಡಿದು ಆಡಿಸುವುದು ಇದೇ 77ನ್ನು. ಆದರೆ ಅದು ತೀರಾ ಸಣ್ಣ ಪ್ರಯೋಗ. ಎರಡೂ ಗುಂಪು ಸೇರಿಸಿದರೂ ಒಂದು ಟೆಂಪೋದಲ್ಲಿ ಕೂರಿಸಬಹುದಾದಷ್ಟು ಜನ.

ತಲೆಕೆಳಗೆ ಮಾಡುವ ಹುಚ್ಚೂ ಹೊಸದಲ್ಲ. ಗ್ರೀಸಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಗೂನು ಬೆನ್ನಿನವರನ್ನು ಏಣಿಗೆ ಕಟ್ಟಿ ಮೇಲಿನಿಂದ ಕುಕ್ಕುತ್ತಿದ್ದರು. ಅಲ್ಲಿನ ಹಳೇ ವೈದ್ಯ ಹಿಪ್ಪಾಕ್ರಟಿಸನ ಹೆಸರಿನಲ್ಲಿರುವ ಗ್ರಂಥದಲ್ಲೇ ಇದು ಬಂದಿದೆ. ಹೀಗೆ ಮಾಡುವ ವೈದ್ಯರು ಜನ ಬಾಯಿ ಬಿಟ್ಟುಕೊಂಡು ನೋಡಲಿ ಅಂತ ಮಾಡುತ್ತಾರೆ ಅಂತ ಅಲ್ಲೇ ಬೈದಿದ್ದಾನೆ. ಕೋಡಿಬಾಗದವರು ಬೇಸರಿಸಬಾರದು.

ಕೋಡಿಬಾಗದವ, ಕಾರವಾರ
ಬೇಸರ ಎಂಥದ್ದು ಮಾಸ್ತರೇ. ನನ್ನನ್ನು ನೋಡಲು ಬಿಲ್ಡಿಂಗಿನ ಮಕ್ಕಳೆಲ್ಲ ಬರುತ್ತಿದ್ದರು.

ಮೆಟ್ಟುಗತ್ತಿ
ಗಂಡಸರಿಗೆ ಸೊಂಟ ಹಿಡಿದರೆ ಎಂಆರ್‌ಐ, ಟ್ರಾಕ್ಷನ್. ನಾವು ಸುಗ್ಗಿಯಲ್ಲಿ ಮಣೆ ಮೇಲೆ ಕೂತು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಸೊಂಟ ಕಟ್ಟಿದರೆ ಒಂದು ಮುಲಾಮಿನ ಟ್ಯೂಬು! ಇರಲಿ.

ತಮ್ಮಾ, ನೀನು ದುಡ್ಡಿಲ್ಲದೆ ಮಾಡುವುದೊಂದು ಇದೆ. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗು. ಎರಡೂ ಮೀನಖಂಡವನ್ನು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಡು. ತೊಡೆ ನೆಟ್ಟಗೆ ನಿಲ್ಲಬೇಕು, ಮೊಣಕಾಲು ಮಡಚಿರಬೇಕು. ತಲೆ ಅಡಿಗೆ ತೆಳ್ಳಗೆ ಒಂದು ದಿಂಬು. ಕುರ್ಚಿ ಎತ್ತರವಾದರೆ ಕುಂಡೆ ಅಡಿಗೆ ಕಂಬಳಿ ಮಡಚಿಡು. ಹತ್ತು ನಿಮಿಷದಲ್ಲಿ ಕಾಲಿನ ಉರಿ ಇಳಿಯುತ್ತದೆ. ಏಳುವಾಗ ಮಾತ್ರ ಮಗ್ಗುಲು ತಿರುಗಿ ಕೈ ಊರಿ ಏಳು, ನೆಟ್ಟಗೆ ಎದ್ದು ಕೂತೆಯೋ ಎಲ್ಲ ಹಾಳು. ಬಚ್ಚಲ ಹಂಡೆಯ ಬಿಸಿನೀರನ್ನು ರಬ್ಬರ್ ಚೀಲಕ್ಕೆ ಹಾಕಿ ಸೊಂಟಕ್ಕೆ ಇಟ್ಟುಕೋ. ಬಟ್ಟೆ ಸುತ್ತಿ ಇಡು, ನನ್ನ ನಾದಿನಿ ಹಾಗೇ ಇಟ್ಟುಕೊಂಡು ಬೊಕ್ಕೆ ಎಬ್ಬಿಸಿಕೊಂಡಿದ್ದಳು.

ಕುಮಟಾ ಫಿಸಿಯೋ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಸ್ವೀಡನ್ನಿನ ನಾಕೆಮ್ಸನ್ ಅನ್ನುವ ಡಾಕ್ಟರು 1960ರ ದಶಕದಲ್ಲಿ ಬದುಕಿರುವವರ ಡಿಸ್ಕಿನೊಳಗೇ ಸೂಜಿ ಇಟ್ಟು ಒತ್ತಡ ಅಳೆದಿದ್ದರು. ಮಲಗಿದಾಗ ಒತ್ತಡ ತೀರಾ ಕಡಿಮೆ, ನಿಂತಾಗ ಜಾಸ್ತಿ, ಕೂತು ಮುಂದೆ ಬಾಗಿ ಭಾರ ಎತ್ತಿದಾಗ ವಿಪರೀತ. ಕಿಟ್ ಕಟ್ಟಿ ಮಲಗಿದರೂ ಕಟ್ಟದೆ ಮಲಗಿದರೂ ಸಿಗುವ ಹಿತದ ದೊಡ್ಡ ಪಾಲು ಮಲಗಿದ್ದರದ್ದೇ.

ತೋಟದಮನೆ, ಸಿರ್ಸಿ
ಎಲ್ಲರದ್ದೂ ಓದಿದೆ. ಓದಿಯೂ ನಿನ್ನೆ ಕಟ್ಟಿಕೊಂಡೆ. ಭಾವ ವಿಡಿಯೋ ಕಾಲ್ ಮಾಡಿ ಕೂತಿದ್ದ, ಏನು ಮಾಡಲಿ?

ನಮ್ಮದು ಅಜ್ಜನ ಕಾಲದ ಬೀಟೆ ಮಂಚ. ಚೌಕಟ್ಟು ಅದಕ್ಕೆ ಕೂರಲೇ ಇಲ್ಲ. ಮಗ ಬೈಹುಲ್ಲಿನ ಹಗ್ಗ ತಂದು ಬಿಗಿದ. ಕಿಟ್ಟಿನ ಚೀಟಿಯಲ್ಲಿ ಮಂಚದ ಕಾಲ ಬುಡ ಎತ್ತರಿಸಬೇಕು ಅಂತ ಚಿತ್ರ ಇತ್ತು, ಇಲ್ಲದಿದ್ದರೆ ತೂಕದ ಜೊತೆ ನಾವೇ ಜಾರುತ್ತೇವಂತೆ. ಎರಡು ಚಿರೇಕಲ್ಲು ಇಟ್ಟೆವು. ಪಟ್ಟಿಯನ್ನು ಸೊಂಟದ ಮೂಳೆ ಮೇಲೆ ಬಿಗಿಯಾಗಿ ಕಟ್ಟಬೇಕು, ಲುಂಗಿ ಮೇಲೆ ಕಟ್ಟಿದರೆ ಲುಂಗಿ ಸಮೇತ ಜಾರುತ್ತದೆ. ಮೂರು ಸಲ ಜಾರಿತು. ಕೊನೆಗೆ ಬರೀ ಮೈಗೆ ಕಟ್ಟಿ, ಕೋಣೆ ಬಾಗಿಲು ಹಾಕಿಸಿ, ಚೀಲಕ್ಕೆ ನೀರು ತುಂಬಿದೆವು.

ಮೇಡಂ ಹೇಳಿದ್ದು ಪರೀಕ್ಷೆ ಮಾಡೋಣ ಅಂತ, ಪಟ್ಟಿಯ ಅಂಚು ಬಂದ ಕಡೆ ಚಾದರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದೆ. 7 ಕೆಜಿ ತುಂಬಿ ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಪಟ್ಟಿ ಗೆರೆಯಿಂದ ಅರ್ಧ ಬೆರಳು ಕೆಳಗಿತ್ತು. ಬೆನ್ನು ಉದ್ದ ಆಯಿತು ಅಂತ ಭಾವ ಫೋನಿನಲ್ಲೇ ಕುಣಿದ. ಬಿಚ್ಚಿ ನೋಡಿದರೆ ಜಾರಿದ್ದು ಪಟ್ಟಿ, ಚರ್ಮದ ಮೇಲೆ ಕೆಂಪಗೆ ಗೀರು. ಸೊಂಟ ಇದ್ದಲ್ಲೇ ಇತ್ತು.

ಹಿತ ಅನ್ನಿಸಿದ್ದು ಹೌದು. ಇಪ್ಪತ್ತು ನಿಮಿಷ ಯಾರೂ ಮಾತಾಡಿಸಲಿಲ್ಲ. ಈ ಸುಗ್ಗಿಯಲ್ಲಿ ಅಷ್ಟು ಹೊತ್ತು ಸುಮ್ಮನೆ ಮಲಗಿದ್ದು ಅದೇ ಮೊದಲು. ಇವತ್ತು ಅಕ್ಕ ಹೇಳಿದ ಕುರ್ಚಿ ಮಾಡಿದೆ. ಅದರಲ್ಲೂ ಅಷ್ಟೇ ಹಿತ. ಗೀರು ಇಲ್ಲ.

ಗಾಳಿ ಬೆಲ್ಟ್ ಕಥೆ ಬೇಡ. ಅದನ್ನು ಕಟ್ಟಿಕೊಂಡು ಅಂಗಳದಲ್ಲಿ ನಿಂತರೆ ನಾಯಿ ಬೊಗಳಿತು.

ಯಲ್ಲಾಪುರ ಎಕ್ಸ್‌ಪ್ರೆಸ್
ಹಾಗಾದರೆ ಬಾವಿಕಟ್ಟೆ ಪಕ್ಕದ ಮರಕ್ಕೋ ಮನೆ ಜಂತಿಗೋ ನೇತಾಡಿದರೆ? ಕಾಲಿನ ಭಾರವೇ ಎಳೆಯುತ್ತದೆ, ಉಜ್ಜುವ ಹಾಸಿಗೆಯೂ ಇಲ್ಲ.

ಕುಮಟಾ ಫಿಸಿಯೋ
ಲೆಕ್ಕ ಸರಿಯಾಗಿದೆ, ನಿಮ್ಮ ತಲೆ ಓಡುತ್ತದೆ. ಆದರೆ ಸೊಂಟ ಹಿಡಿದವರು ಜಂತಿ ಬಿಟ್ಟು ನೆಲಕ್ಕೆ ಧೊಪ್ ಅಂತ ಇಳಿದರೆ ಎಳೆದದ್ದಕ್ಕಿಂತ ಕುಕ್ಕಿದ್ದೇ ಜಾಸ್ತಿ. ಕಾಲು ನೆಲಕ್ಕೆ ತಾಗಿಕೊಂಡೇ ಇರುವ ಎತ್ತರದಲ್ಲಿ ಹಿಡಿದು, ಮೊಣಕಾಲು ಮೆಲ್ಲಗೆ ಮಡಚಿ, ಅರ್ಧ ಭಾರ ಬಿಡಿ. ಭುಜ ನೋವು ಇದ್ದವರು ಇದನ್ನೂ ಮಾಡಬೇಡಿ.

ಲೆಕ್ಕದ ಮಾಸ್ತರ, ಹೊನ್ನಾವರ
ಎಳೆದರೆ ಒಳ್ಳೆಯದು ಅನ್ನುವ ನಂಬಿಕೆಗೇ ಒಂದು ಅಡ್ಡ ಮಾತು. ಬಾಹ್ಯಾಕಾಶಕ್ಕೆ ಹೋದವರಿಗೆ ಮೈ ಭಾರವೇ ಇಲ್ಲ. ಬೆನ್ನು ಹಿಗ್ಗಿ 5 ಸೆಂಟಿಮೀಟರಿನವರೆಗೆ ಎತ್ತರ ಆಗುವವರೂ ಇದ್ದಾರೆ. ಅದಕ್ಕಿಂತ ದೊಡ್ಡ ಟ್ರಾಕ್ಷನ್ ಉಂಟಾ? ಆದರೆ ಅಲ್ಲಿ ಹೋದ ಮೊದಲ ದಿನಗಳಲ್ಲಿ ತುಂಬಾ ಜನರಿಗೆ ಬೆನ್ನು ನೋವೇ ಬರುತ್ತದೆ. ಕೆಳಗಿಳಿದ ಮೇಲೆ ಡಿಸ್ಕ್ ಜಾರುವ ಸಂಭವವೂ ಜಾಸ್ತಿ.

ಇನ್ನೊಂದು, ಎಂಆರ್‌ಐ ನೋಡಿ ಜೀವ ಬಿಡಬೇಡಿ. 1994ರಲ್ಲಿ ಅಮೆರಿಕದಲ್ಲಿ ಸೊಂಟ ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಜನರಿಗೆ ಎಲ್ಲೋ ಒಂದು ಕಡೆ ಡಿಸ್ಕ್ ಉಬ್ಬಿತ್ತು. ಅವರು ಹಾಯಾಗಿ ತಿರುಗಾಡುತ್ತಿದ್ದರು.

ತದಡಿ ಬಂದರು
ನನ್ನನ್ನು ಹತ್ತು ದಿನ ಮಲಗಿಸಿದ್ದು ಸರಿಯಾ ಹಾಗಾದರೆ?

ಲೆಕ್ಕದ ಮಾಸ್ತರ, ಹೊನ್ನಾವರ
1986ರಲ್ಲೇ ಅದನ್ನು ನೋಡಿದ್ದಾರೆ. ಸೊಂಟ ನೋವಿನ 203 ಜನರಲ್ಲಿ ಕೆಲವರಿಗೆ 2 ದಿನ ಮಲಗಿ ಅಂದರು, ಕೆಲವರಿಗೆ 7 ದಿನ. 2 ದಿನದವರು ಕೆಲಸಕ್ಕೆ ಬೇಗ ಹೋದರು, ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ನಿಮ್ಮ ಕಾಲು ಗಡಗಡ ಅಂದದ್ದಕ್ಕೆ ಕಾರಣ ಮಂಚ.

ಮೆಟ್ಟುಗತ್ತಿ
ಕುತ್ತಿಗೆಗೆ ಬಾಗಿಲ ಮೇಲಿಂದ ತೂಕ ಕಟ್ಟುತ್ತಾರಲ್ಲ, ನಮ್ಮ ಅತ್ತಿಗೆ ಕೇಳುತ್ತಿದ್ದಾರೆ. ಅದಾದರೂ ಆಗುತ್ತಾ?

ಕುಮಟಾ ಫಿಸಿಯೋ
ಕುತ್ತಿಗೆ ಲೆಕ್ಕವೇ ಬೇರೆ ಅಕ್ಕ. ತಲೆಯ ಭಾರ 4-5 ಕೆಜಿ ಅಷ್ಟೇ. ಅಲ್ಲಿ ಸಣ್ಣ ಚೀಲವೂ ನಿಜವಾಗಿ ಎಳೆಯುತ್ತದೆ. ಕೈಗೆ ನೋವು ಇಳಿದ ಕೆಲವರಿಗೆ ವ್ಯಾಯಾಮದ ಜೊತೆ ಉಪಯೋಗ ಆಗಬಹುದು. ನಿಜವಾಗಿ ಎಳೆಯುವುದಕ್ಕೇ ಅಪಾಯವೂ ಜಾಸ್ತಿ. ಅತ್ತಿಗೆಗೆ ಕೀಲುವಾತ ಇದ್ದರೆ ಕುತ್ತಿಗೆಯ ಮೇಲಿನ ಕೀಲು ಸಡಿಲ ಆಗಿರಬಹುದು, ಮುಟ್ಟಲೇಬೇಡಿ. ಮೊದಲು ಯಾರಿಗಾದರೂ ತೋರಿಸಿ.

ಅಂಕೋಲಾದ ಮಗಳು
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಅಪ್ಪನಿಗೆ 58. ಎರಡು ತಿಂಗಳಿಂದ ಡಿಸ್ಕ್ ತೊಂದರೆ. ಮನೆಯಲ್ಲಿ ಟ್ರಾಕ್ಷನ್ ಬೆಲ್ಟ್ ಕಟ್ಟುತ್ತಾ ಇದ್ದೆವು. ಇವತ್ತು ಬೆಳಿಗ್ಗೆಯಿಂದ ಎರಡೂ ಕಾಲು ಜೋಮು. ಮಧ್ಯಾಹ್ನದಿಂದ ಮೂತ್ರ ಬಂದಿಲ್ಲ, ಬರಬೇಕು ಅಂತ ಅನ್ನಿಸುವುದೂ ಇಲ್ಲವಂತೆ. ತೂಕ ಜಾಸ್ತಿ ಆಯಿತಾ? ಕಡಿಮೆ ಮಾಡಲಾ?

ಕುಮಟಾ ಫಿಸಿಯೋ
ಬೆಲ್ಟ್ ಬಿಚ್ಚಿ. ಈಗಲೇ ಹೊರಡಿ, ನಾಳೆ ಬೆಳಿಗ್ಗೆ ಅನ್ನಬೇಡಿ. ಕೂರುವ ಜಾಗದಲ್ಲಿ, ಸಂಡಾಸಿನ ಸುತ್ತ ಮುಟ್ಟಿದ್ದು ಗೊತ್ತಾಗುತ್ತದಾ ಕೇಳಿ. ಗೊತ್ತಾಗದಿದ್ದರೂ ಗೊತ್ತಾದರೂ ಹೊರಡಿ. ಬೆನ್ನುಮೂಳೆಯ ಕೆಳಗಿನ ನರಗಳ ಕಟ್ಟೇ ಒತ್ತಿಹೋಗಿರಬಹುದು. ಇದು ಗಂಟೆಗಳ ಲೆಕ್ಕ. ತಡ ಆದರೆ ಮೂತ್ರದ ಹಿಡಿತ ವಾಪಸ್ ಬರದೇ ಇರಬಹುದು.

ಯಲ್ಲಾಪುರ ಎಕ್ಸ್‌ಪ್ರೆಸ್
ತಂಗಿ, 108ಕ್ಕೆ ಫೋನ್ ಮಾಡು. ಎಲ್ಲಿಗೆ ಹೋಗುವುದು ಅಂತ ಹೊರಡುವ ಮೊದಲು ಫೋನಿನಲ್ಲಿ ಕೇಳಿಕೋ. ರಾತ್ರಿ ಎಂಆರ್‌ಐ ಇದೆಯಾ, ಬೆನ್ನುಮೂಳೆ ಆಪರೇಷನ್ ಮಾಡುವ ಡಾಕ್ಟರು ಇದ್ದಾರಾ, ಎರಡೇ ಪ್ರಶ್ನೆ. ಅದಿಲ್ಲದ ಕಡೆ ಹೋಗಿ ಮತ್ತೆ ಬೇರೆ ಕಡೆ ಕಳಿಸಿದರೆ ಅರ್ಧ ರಾತ್ರಿ ಹೋಯಿತು. ಹುಬ್ಬಳ್ಳಿ ಆದರೆ ಅರಬೈಲು ಘಟ್ಟ, ಮಣಿಪಾಲ ಆದರೆ ಹೆದ್ದಾರಿ ಹಿಡಿದು ಸೀದಾ. ಘಟ್ಟದ ಮೇಲೆ ಈಗ ಲಾರಿ ಸಾಲು ಇಲ್ಲ, ನಾನು ಸಂಜೆ ಇಳಿದು ಬಂದೆ.

ಕೋಡಿಬಾಗದವ, ಕಾರವಾರ
ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ಕೂಗಿದ್ದು ಇದಕ್ಕೇ. ಈಗ ಅದರ ಮಾತು ಬೇಡ. ತಂಗಿ, ಅಪ್ಪನ ಹಳೇ ರಿಪೋರ್ಟ್, ಎಂಆರ್‌ಐ ಫಿಲ್ಮ್ ಮರೆಯಬೇಡ.

ಅಂಕೋಲಾದ ಮಗಳು
ಆಂಬುಲೆನ್ಸಿನಲ್ಲಿದ್ದೇವೆ.

ಅಂಕೋಲಾದ ಮಗಳು (ಹತ್ತು ದಿನದ ನಂತರ)
ಅದೇ ರಾತ್ರಿ ಆಪರೇಷನ್ ಆಯಿತು. ಪೈಪ್ ತೆಗೆದ ಮೇಲೆ ನಿನ್ನೆ ಮೊದಲ ಸಲ ತಾವೇ ಮೂತ್ರ ಮಾಡಿದರು. ಅಮ್ಮ ದೇವರಿಗೆ ತೆಂಗಿನಕಾಯಿ ಒಡೆಸಿದಳು. ಬಲಗಾಲಿನ ಪಾದ ಇನ್ನೂ ಸರಿಯಾಗಿ ಎತ್ತಲು ಬರುವುದಿಲ್ಲ, ಬರಬಹುದು ಅಂದಿದ್ದಾರೆ. ಬೆಲ್ಟಿನಿಂದಲೇ ಹೀಗಾಯಿತಾ ಅಂತ ಡಾಕ್ಟರಿಗೆ ಕೇಳಿದೆ. ಬೆಲ್ಟಿನಿಂದ ಅಂತ ಹೇಳಲಾಗದು, ಆದರೆ ಬೆಲ್ಟ್ ಇದೆ ಅಂತ ನೀವು ಮಧ್ಯಾಹ್ನದಿಂದ ರಾತ್ರಿವರೆಗೆ ಕಾದಿರಿ ಅಂದರು.

ತೋಟದಮನೆ, ಸಿರ್ಸಿ
ಓದಿ ಮೈ ಜುಂ ಅಂದಿತು ತಂಗಿ. ಅಪ್ಪನಿಗೆ ಬೇಗ ಗುಣವಾಗಲಿ.

ನನ್ನದೂ ಏಳನೇ ವಾರ. ಕಾಲಿನ ಕರೆಂಟ್ ಮೊಣಕಾಲಿನಿಂದ ಮೇಲಕ್ಕೆ ಬಂದಿದೆ. ಕಾಲಿನಿಂದ ಸೊಂಟದ ಕಡೆ ಹತ್ತುವುದು ಒಳ್ಳೇ ಲಕ್ಷಣ ಅಂದರು ಮೇಡಂ. ಹೀಗೆ ಉಬ್ಬಿದ ಡಿಸ್ಕ್ ಸುಮಾರು ಜನರಲ್ಲಿ ತಿಂಗಳುಗಟ್ಟಲೆ ಹೊತ್ತಿನಲ್ಲಿ ತಾನಾಗೇ ಕುಗ್ಗುತ್ತದಂತೆ. ಬೆಳಿಗ್ಗೆ ಎದ್ದ ಕೂಡಲೇ ಬಾಗಿ ಭಾರ ಎತ್ತುವುದು ಬಿಟ್ಟಿದ್ದೇನೆ. ರಾತ್ರಿಯಿಡೀ ಡಿಸ್ಕ್ ನೀರು ಕುಡಿದು ದಪ್ಪ ಆಗಿರುತ್ತದೆ, ಅದಕ್ಕೇ ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುತ್ತೇವಂತೆ. ಮಗ ಬಾಗಿಲ ದಾರಂದಕ್ಕೆ ಪೆನ್ಸಿಲ್ ಗೆರೆ ಎಳೆದು ನೋಡಿದ, ಹೌದು. ಕೊಟ್ಟಿಗೆ ಕೆಲಸ ಒಂದು ಗಂಟೆ ತಡವಾಗಿ. ದಿನಾ ತೋಟದ ಕೆಳಗಿನ ಹಳ್ಳದವರೆಗೆ ನಡಿಗೆ, ಮೊದಲು ಒಂದು ಸಲ, ಈಗ ಮೂರು ಸಲ. ಬುಟ್ಟಿಯಲ್ಲಿ ಅರ್ಧ ಮಾತ್ರ ತುಂಬುವುದು. ಕುರ್ಚಿ ರಾತ್ರಿ ಊಟಕ್ಕೆ ಮೊದಲು.

ಬನವಾಸಿ ರಸ್ತೆ
ಈಗಷ್ಟೇ ನೋಡಿದೆ. ಅಣ್ಣ, ಆ ಕಿಟ್ ಮಾರುತ್ತೀರಾ? ನಮ್ಮ ಮಾವನಿಗೆ ಬೇಕಿತ್ತು. ಅರ್ಧ ರೇಟಿಗೆ ಕೊಟ್ಟರೆ ಭಾನುವಾರ ಬಂದು ಒಯ್ಯುತ್ತೇನೆ.

ತೋಟದಮನೆ, ಸಿರ್ಸಿ
ಕೊಡುವುದು ಆಮೇಲೆ ನೋಡೋಣ. ಮಾವನವರಿಗೆ ಪ್ರಾಯ ಎಷ್ಟು? ಕಾಲು ಜೋಮು ಉಂಟಾ? ಒಂದೇ ಕಾಲಾ, ಎರಡೂ ಕಾಲಾ? ಮೂತ್ರ ಸರಿಯಾಗಿ ಹೋಗುತ್ತಾ? ಮೊದಲು ಅದನ್ನು ಕೇಳಿ ಬರೆಯಿರಿ.